ಬಡಿಸಿದವನ ಎಲೆ

ಮಡಿಕೇರಿಯ ಪುರಾತತ್ವ ಮಿತ್ರ ಸಂಘಕ್ಕೆ ಗಾಳಿಬೀಡಿನ ನಾಣಯ್ಯ ಮೊದಲ ಸಲ ಹೋದದ್ದು ಪುರಾತತ್ವದ ಮೇಲಿನ ಪ್ರೀತಿಯಿಂದ ಅಲ್ಲ, ಮಳೆಯಿಂದ ತಲೆ ತಪ್ಪಿಸಿಕೊಳ್ಳಲು. ಬಸ್ಸು ಹೊರಟುಹೋಗಿತ್ತು, ಕೊಡೆ ಗಾಳಿಗೆ ಮಗುಚಿಕೊಂಡಿತ್ತು, ಎದುರಿನ ವಾಚನಾಲಯದ ಮಹಡಿಯಲ್ಲಿ ದೀಪ ಕಾಣಿಸಿತು. ಹತ್ತಿ ಹೋದರೆ ಬಿಸಿ ಕಾಫಿ, ತಟ್ಟೆ ತುಂಬ ಕೋಡುಬಳೆ, ಬೇಕಾದಷ್ಟು ಖಾಲಿ ಕುರ್ಚಿ. ಸಂಘದ ಅಧ್ಯಕ್ಷರಾಗಿದ್ದ ವಕೀಲ ಬೋಜಪ್ಪನವರು, ಕರೆಯದೆ ಒಬ್ಬ ಮನುಷ್ಯ ಬಂದನಲ್ಲ ಎಂಬ ಸಂಭ್ರಮದಲ್ಲಿ ಅವನನ್ನು ಮುಂದಿನ ಸಾಲಿಗೇ ಎಳೆದು ಕೂರಿಸಿದರು. ಆ ದಿನದ ಭಾಷಣ ವೀರಗಲ್ಲುಗಳ ಮೇಲೆ. ನಾಣಯ್ಯನಿಗೆ ಅರ್ಧ ತಲೆಗೆ ಹೋಯಿತು, ಉಳಿದರ್ಧ ನಿದ್ದೆಗೆ ಹೋಯಿತು.

ಆದರೆ ಮರುದಿನ ಬೆಳಿಗ್ಗೆ ಅವನು ಬಚ್ಚಲ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಎದುರು ಬಹಳ ಹೊತ್ತು ನಿಂತ. ಆಮೇಲೆ ತೆಂಗಿನ ನಾರು ತಂದು ಪಾಚಿ ತಿಕ್ಕಿದ. ಕತ್ತಿ ಹಿಡಿದ ಒಬ್ಬ ಗಂಡಸು ಮೆಲ್ಲಗೆ ಮೇಲೆದ್ದು ಬಂದ. ಕಾಲಬುಡದಲ್ಲಿ ಅವನ ನಾಯಿ. ಮೂರು ತಲೆಮಾರು ಇವನ ಎದೆಯ ಮೇಲೆ ಬಟ್ಟೆ ಬಡಿದೆವಲ್ಲ ಎಂದು ನಾಣಯ್ಯನಿಗೆ ಮೈ ಜುಂ ಎಂದಿತು. ಐವತ್ತು ದಾಟಿದ ಮನುಷ್ಯ, ಕಾಫಿ ಬೆಲೆ ಬಿಟ್ಟರೆ ಬೇರೆ ವಿಷಯಕ್ಕೆ ಬಾಯಿ ಬಿಟ್ಟವನಲ್ಲ. ಅಂದಿನಿಂದ ಸಂಘದ ಒಂದು ಸಭೆಯನ್ನೂ ತಪ್ಪಿಸಲಿಲ್ಲ.

ಕೊಡಗು ಇನ್ನೂ ಸ್ವಂತ ರಾಜ್ಯವಾಗಿದ್ದ ಕಾಲ ಅದು. ಭಾಷಣ ಮುಗಿದದ್ದೇ ತಡ, ಮಿತ್ರರೆಲ್ಲ ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಕೋಡುಬಳೆ ಮುರಿಯುತ್ತ ಜಗಳಕ್ಕಿಳಿಯುತ್ತಿದ್ದರು. ನಾಣಯ್ಯ ಮಾತ್ರ ಮೂಲೆಯಲ್ಲಿ ಕುಳಿತು, ಈ ಗುಡ್ಡಗಳ ಮೇಲೆ ಎಷ್ಟು ರಾಜ್ಯ ಬಂದು ಹೋದವೋ ಎಂದು ಬೆರಗಾಗುತ್ತಿದ್ದ. ಮನೆಯಲ್ಲಿ ಹೆಂಡತಿ ದಮಯಂತಿ ನಗುತ್ತಿದ್ದಳು. ಅಕ್ಕ ಬೊಳ್ಳಮ್ಮ ನಗುತ್ತಿರಲಿಲ್ಲ, ಕೇಳುತ್ತಿದ್ದಳು. "ಇಂದ್ ಎಂತ ಕಲ್ಲ್ ತೋರಿಸ್ದೊ ನಾಣಿ?" ಎಂದು ಅವನ ಎದುರು ಗಂಜಿ ಇಟ್ಟುಕೊಂಡು ಕೂರುವಳು.

ಬೊಳ್ಳಮ್ಮ ಮದುವೆಯಾದ ಎರಡನೆಯ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಾಯಿ ತೀರಿಕೊಂಡ ಮೇಲೆ ಮನೆಯ ಹಿರಿಯರಿಗೆ ಎಡೆ ಇಡುವ ಕೆಲಸ ಅವಳ ಪಾಲಿಗೆ ಬಂದಿತ್ತು. ಅದನ್ನು ಅವಳು ಬೇರೆ ಯಾರ ಕೈಗೂ ಕೊಟ್ಟವಳಲ್ಲ.

ತೋಟದ ಮೇಲುಬದಿಯಲ್ಲಿ, ಕಾಫಿ ಗಿಡ ಮುಗಿದು ಹುಲ್ಲು ಶುರುವಾಗುವಲ್ಲಿ, ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಲಿನ ಕೋಣೆಯಿತ್ತು. ಅರ್ಧ ಮಣ್ಣಿನಲ್ಲಿ ಹೂತದ್ದು. ಎದುರಿನ ಕಲ್ಲಿನಲ್ಲಿ ತಲೆ ತೂರುವಷ್ಟು ದುಂಡನೆಯ ಒಂದು ಕಂಡಿ. ಅದು ಅಜ್ಜನ ಮನೆ. ಅಜ್ಜ ಎಂದರೆ ವಂಶದ ಮೊದಲಿಗ. ರಾಜರ ಕಾಲದಲ್ಲಿ ಸುಳ್ಯದ ಕಡೆಯಿಂದ ಘಟ್ಟ ಹತ್ತಿ ಬಂದು ಕಾಡು ಕಡಿದು ಗದ್ದೆ ಮಾಡಿದವನು. ಬರುವಾಗ ಅವನ ಬಳಿ ಇದ್ದದ್ದು ಒಂದು ಕೊಡಲಿ, ಒಂದು ನಾಯಿ, ಒಂದೇ ಕಲ್ಲಿನಲ್ಲಿ ಕಡೆದ ಎರಡು ಬಳಪದ ಕಲ್ಲಿನ ಬಟ್ಟಲು. ಒಂದು ಬಟ್ಟಲು ಘಟ್ಟದ ದಾರಿಯಲ್ಲೆಲ್ಲೋ ಕಳೆದುಹೋಯಿತಂತೆ. ಇನ್ನೊಂದು ಮನೆಯಲ್ಲಿದೆ. ಅಜ್ಜ ಸತ್ತ ಮೇಲೆ ಆ ಕಲ್ಲಿನ ಮನೆಯಲ್ಲಿ ನೆಲೆಯಾದ ಎಂಬುದು ಮನೆಯವರೆಲ್ಲ ಬಲ್ಲ ಮಾತು. ಪ್ರತಿ ವರ್ಷ ಹುತ್ತರಿ ಹಬ್ಬದ ಹೊಸ ಅಕ್ಕಿ ಮನೆಗೆ ಬಂದ ಮೇಲೆ ಬೊಳ್ಳಮ್ಮ ಕಂಡಿಯ ಎದುರು ಬಾಳೆಲೆ ಹಾಕಿ ಕಡುಬು, ಕೋಳಿ ಸಾರು, ಒಂದು ಲೋಟ ಸಾರಾಯಿ ಇಟ್ಟು ಬರುವಳು. ಸಾರು ಹೋಗುವುದು ಆ ಬಳಪದ ಬಟ್ಟಲಿನಲ್ಲೇ.

ಆ ವರ್ಷ ಮಳೆ ಹಿಂದೆಗೆದ ಮೇಲೆ ಮೈಸೂರಿನಿಂದ ಮರುಳಸಿದ್ದಪ್ಪ ಎಂಬ ವಿದ್ವಾಂಸರು ಸಂಘಕ್ಕೆ ಬಂದರು. ಗೋಡೆಗೆ ಬಿಳಿ ಪಂಚೆ ಕಟ್ಟಿ, ದೀಪ ಆರಿಸಿ, ಮ್ಯಾಜಿಕ್ ಲ್ಯಾಂಟರ್ನಿನಲ್ಲಿ ಚಿತ್ರ ಬಿಟ್ಟರು. ಪಂಚೆಯ ಮೇಲೆ ಮೂಡಿದ್ದು ಅಜ್ಜನ ಮನೆ. ಅದೇ ಚಪ್ಪಡಿ, ಅದೇ ಕಂಡಿ. ನಾಣಯ್ಯ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ.

"ಇದು ಚಿತ್ರದುರ್ಗದ ಕಡೆಯದು. ಇಂಥವು ಕೊಡಗಿನಲ್ಲೂ ಇರಬೇಕು," ಎಂದರು ಮರುಳಸಿದ್ದಪ್ಪ. "ನಿಮ್ಮಲ್ಲಿ ಯಾರಾದರೂ ಕಂಡಿದ್ದೀರಾ?"

"ನನ್ನ ತೋಟದಲ್ಲೇ ಉಂಟು," ಎಂದ ನಾಣಯ್ಯ. ಸಭೆಯೆಲ್ಲ ಅವನ ಕಡೆ ತಿರುಗಿತು. ಅಗೆದು ನೋಡಬಹುದೇ ಎಂದು ವಿದ್ವಾಂಸರು ಕೇಳಿದರು, ಧಾರಾಳವಾಗಿ ಎಂದು ಇವನು ಅಂದ, ಬೋಜಪ್ಪನವರು ಚಪ್ಪಾಳೆ ತಟ್ಟಿದರು. ಇಷ್ಟೆಲ್ಲ ಆದ ಮೇಲೆ ಮರುಳಸಿದ್ದಪ್ಪ ಮುಂದಿನ ಮಾತು ಹೇಳಿದರು. ಇವು ಗೋರಿಗಳು, ಎರಡು ಸಾವಿರ ವರ್ಷಕ್ಕೂ ಹಳೆಯವು, ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ.

ನಾಣಯ್ಯನಿಗೆ ಮೊದಲು ಆದದ್ದು ಬೆರಗೇ. ಎರಡು ಸಾವಿರ ವರ್ಷ. ಅಷ್ಟು ಹಿಂದೆ ಯಾರೋ ತನ್ನ ತೋಟದ ಗುಡ್ಡದ ಮೇಲೆ ನಿಂತು, ಕಲ್ಲಿನಲ್ಲಿ ಕಂಡಿ ಕೊರೆದು, ತಮ್ಮವರೊಬ್ಬರನ್ನು ಮಲಗಿಸಿ ಹೋಗಿದ್ದಾರೆ. ಬಸ್ಸಿನಲ್ಲಿ ಕುಳಿತ ಮೇಲೆ ಲೆಕ್ಕ ತಲೆಗೆ ಹತ್ತಿತು. ಅಜ್ಜ ಬಂದದ್ದು ರಾಜರ ಕಾಲದಲ್ಲಿ, ಬಹಳ ಎಂದರೆ ಇನ್ನೂರು ವರ್ಷ. ಹಾಗಾದರೆ ಆ ಮನೆಯಲ್ಲಿರುವುದು ಅಜ್ಜನಲ್ಲ. ಅಕ್ಕ ಜೀವಮಾನವಿಡೀ ಬಡಿಸಿದ್ದು ಯಾರಿಗೋ.

ಮನೆಯಲ್ಲಿ ಅವನು ಅರ್ಧವೇ ಹೇಳಿದ. "ಮೈಸೂರಿನ ಒಬ್ಬರಿಗೆ ಅಜ್ಜನ ಮನೆ ನೋಡೊಕು ಗಡ ಅಕ್ಕ."

"ಎಂತಕೆ?"

"ಹಳೇದಲ್ವಾ, ಅದ್ಕೆ."

ಬೊಳ್ಳಮ್ಮ ಅವನ ಮುಖ ನೋಡಿದಳು. ಚಿಕ್ಕಂದಿನಲ್ಲಿ ಬೆಲ್ಲ ಕದ್ದು ತಿಂದಾಗಲೂ ಅದೇ ಮುಖ ಮಾಡುತ್ತಿದ್ದ ತಮ್ಮ ಅವನು. "ಮುಂದಿನ ಸಭೆಗೆ ನಾನೂ ಬನ್ನೆ," ಎಂದಳು. ಬೇಡ ಎನ್ನಲು ನಾಣಯ್ಯನಿಗೆ ಒಂದು ನೆಪವೂ ಸಿಗಲಿಲ್ಲ.

ಮುಂದಿನ ತಿಂಗಳ ಸಭೆಗೆ ಅವಳು ಮಡಿ ಸೀರೆ ಉಟ್ಟು, ತಲೆಗೆ ವಸ್ತ್ರ ಕಟ್ಟಿ, ಮುಂದಿನ ಸಾಲಿನಲ್ಲಿ ಕುಳಿತಳು. ಆ ಮಹಡಿಗೆ ಭಾಷಣ ಕೇಳಲು ಬಂದ ಮೊದಲ ಹೆಂಗಸು ಅವಳೇ. ಬೋಜಪ್ಪನವರು ತಾವೇ ಕಾಫಿ ತಂದುಕೊಟ್ಟರು. ನಾಣಯ್ಯ ಪಕ್ಕದಲ್ಲಿ ಬೆವರುತ್ತಿದ್ದ. ಮರುಳಸಿದ್ದಪ್ಪ ಮತ್ತೆ ಚಿತ್ರ ಬಿಟ್ಟರು, ಮತ್ತೆ ಅದೇ ಎರಡು ಸಾವಿರ ವರ್ಷದ ಮಾತು ಹೇಳಿದರು. ಪಂಚೆಯ ಬೆಳಕಿನಲ್ಲಿ ಅಕ್ಕನ ಮುಖ ಕಲ್ಲಾದದ್ದನ್ನು ಅವನು ಕಂಡ.

ದೀಪ ಹೊತ್ತಿದ ಮೇಲೆ ಅವಳು ಎದ್ದು ನಿಂತಳು. "ಸ್ವಾಮಿ, ಒಂದು ಕೇಳ್ಬೋದಾ? ಅವರಿಗೆ ಮಕ್ಕಳು ಮರಿ ಇದ್ರಾ?"

ವಿದ್ವಾಂಸರು ಇಂಥ ಪ್ರಶ್ನೆಗೆ ತಯಾರಾಗಿರಲಿಲ್ಲ. "ಇದ್ದೇ ಇರಬೇಕಮ್ಮಾ. ಇಷ್ಟು ಭಾರದ ಕಲ್ಲು ಹೊತ್ತು ತಂದು ನಿಲ್ಲಿಸೋರು ಮಕ್ಕಳಲ್ಲದೆ ಮತ್ತ್ಯಾರು?"

"ಅವರೆಲ್ಲ ಈಗ ಎಲ್ಲಿ?"

"ಅದು ನಮಗೂ ಗೊತ್ತಿಲ್ಲ," ಎಂದರು ಅವರು, ಮೆಲ್ಲಗೆ. ಆ ದಿನ ಮೈಸೂರಿನ ಜಗಳ ಆಗಲಿಲ್ಲ. ಎಲ್ಲರೂ ಬೇಗ ಮನೆಗೆ ಹೋದರು.

ಬಸ್ಸಿಳಿದು ತೋಟದ ದಾರಿ ಹಿಡಿದ ಮೇಲೆ ಬೊಳ್ಳಮ್ಮ ನಿಂತಳು. "ಹಂಗಾರೆ ನಮ್ಮ ಅಜ್ಜ ಇಷ್ಟ್ ಕಾಲ ಉಪವಾಸನಾ ನಾಣಿ?"

ನಾಣಯ್ಯನಿಗೆ ಈ ಯೋಚನೆ ಬಂದಿರಲೇ ಇಲ್ಲ. ತಪ್ಪು ಬಾಗಿಲಿಗೆ ಬಡಿಸಿದೆವು ಎಂದಷ್ಟೇ ಅವನು ಕೊರಗಿದ್ದ. ಸರಿಯಾದ ಬಾಗಿಲಲ್ಲಿ ಒಬ್ಬ ಮುದುಕ ಎಲೆಯಿಲ್ಲದೆ ಕಾಯುತ್ತಿದ್ದಾನೆ ಎಂಬುದು ಅಕ್ಕನಿಗೆ ಮಾತ್ರ ಹೊಳೆಯಿತು. ಅವನಿಗೆ ಅಳು ಬಂತು.

"ಅಗೆಸು," ಎಂದಳು ಅವಳು. "ಒಳಗೆ ಯಾರುಟ್ಟು ಹೇಳಿ ಗೊತ್ತಾಗ್ದೆ ನಾ ಇನ್ನ್ ಎಡೆ ಇಡುದಿಲ್ಲೆ."

ಹುತ್ತರಿ ಬಂತು, ಹೊಸ ಅಕ್ಕಿ ಮನೆಗೆ ಬಂತು. ಆ ವರ್ಷ ಕಂಡಿಯ ಎದುರು ಎಲೆ ಬೀಳಲಿಲ್ಲ. ಬಳಪದ ಬಟ್ಟಲು ಅಟ್ಟದ ಮೇಲೆ ಕವುಚಿಕೊಂಡೇ ಇತ್ತು. ಬೊಳ್ಳಮ್ಮ ಎಂದಿನಂತೆ ಕೆಲಸ ಮಾಡುತ್ತಿದ್ದಳು, ಆದರೆ ತಾನು ಉಣ್ಣುವುದನ್ನು ಅರ್ಧಕ್ಕಿಳಿಸಿದ್ದಳು. ಅಜ್ಜನ ಜೊತೆ ತಾನೂ ಹಸಿದಿರುವ ಹಟ ಅದು. ನಾಣಯ್ಯ ತನ್ನ ನಾಲಗೆಯನ್ನು ಶಪಿಸಿಕೊಂಡ.

ತೋಟದಲ್ಲಿ ಕಾಫಿ ಹಣ್ಣಿನ ಪಿಕಿಂಗ್ ಶುರುವಾಗುವ ಮೊದಲು, ಬೇಕಾದ ಅಪ್ಪಣೆಯನ್ನೆಲ್ಲ ಪಡೆದು, ಸಂಘದವರು ಜೀಪಿನಲ್ಲಿ ಬಂದರು. ಮರುಳಸಿದ್ದಪ್ಪ ಚಪ್ಪಲಿ ಬಿಟ್ಟು, ಟೊಪ್ಪಿ ತೆಗೆದು ಕಲ್ಲಿನ ಎದುರು ಒಂದು ಗಳಿಗೆ ನಿಂತದ್ದು ಬೊಳ್ಳಮ್ಮನಿಗೆ ಹಿಡಿಸಿತು. ಅವರು ಗುದ್ದಲಿ ಹಾಕಲಿಲ್ಲ. ಸಣ್ಣ ಕರಣೆ, ಬ್ರಷ್ಷು ಹಿಡಿದು ಮೊಣಕಾಲೂರಿ ಕುಳಿತರು. ಒಳಗಿನಿಂದ ಒಂದೊಂದಾಗಿ ಹೊರಬಂದವು. ಹೊರಗೆ ಕೆಂಪು ಒಳಗೆ ಕಪ್ಪು ಇರುವ, ಕೈಯಲ್ಲಿ ಹಿಡಿದರೆ ಜಾರುವಷ್ಟು ನಯವಾದ ಮಡಕೆಗಳು. ತುಕ್ಕು ತಿಂದ ಒಂದು ಕತ್ತಿ. ಕೆಂಪು ಮಣಿಗಳು. ಒಂದು ಮಡಕೆಯ ತಳದಲ್ಲಿ ಕರಿ ಹೊಟ್ಟು ಅಂಟಿತ್ತು.

"ಇದು ಭತ್ತದ ಹೊಟ್ಟು," ಎಂದರು ಮರುಳಸಿದ್ದಪ್ಪ. "ಸತ್ತವರಿಗೆ ಇಟ್ಟಿದ್ದಾರೆ."

ಬೋಜಪ್ಪನವರು ಕೋರ್ಟಿನಲ್ಲಿ ಕೂಡ ಅಷ್ಟು ಹೊತ್ತು ಬಾಯಿ ಮುಚ್ಚಿ ನಿಂತವರಲ್ಲ. ಆ ಜನರ ಭಾಷೆ ಯಾವುದೋ, ದೇವರು ಯಾವುದೋ, ಆದರೂ ಅನ್ನ ಇಟ್ಟರು ಎಂದು ನಾಣಯ್ಯ ಅಂದುಕೊಂಡ. ಅವನ ಕೈ ತಾನಾಗಿ ಮುಗಿದುಕೊಂಡಿತು.

ಮಧ್ಯಾಹ್ನದ ಮೇಲೆ ಕಂಡಿಯ ಹೊರಗಿನ ಮಣ್ಣು ಕೆರೆಯತೊಡಗಿದರು. ಮೇಲೆ ಸಿಕ್ಕಿದ್ದು ಬೊಳ್ಳಮ್ಮನೇ ಇಟ್ಟ ಗಾಜಿನ ಲೋಟದ ಚೂರು. ಅದರ ಕೆಳಗೆ ಅವಳ ತಾಯಿ, ಅಜ್ಜಿಯರ ಕಾಲದ ಕುಡಿಕೆಗಳು. ಇನ್ನೂ ಕೆಳಗೆ ಒಂದು ಚಪ್ಪಟೆ ಕಲ್ಲು. ಅದನ್ನು ಎತ್ತಿದರೆ, ಅಡಿಯಲ್ಲಿ ಯಾರೋ ಜೋಪಾನವಾಗಿ ಕೂರಿಸಿಟ್ಟಂತೆ ಬಳಪದ ಕಲ್ಲಿನ ಒಂದು ಬಟ್ಟಲು. ಅಂಚಿನಲ್ಲಿ ಒಂದು ಗೀರು, ಎರಡು ಪುಟ್ಟ ಹಿಡಿ.

ನಾಣಯ್ಯ ಅಕ್ಕನನ್ನು ನೋಡಿದ. ಅಕ್ಕ ಅಷ್ಟರಲ್ಲೇ ಮನೆ ಕಡೆ ಇಳಿಯುತ್ತಿದ್ದಳು. ಅಟ್ಟದ ಬಟ್ಟಲನ್ನು ಸೆರಗಿನಲ್ಲಿ ಸುತ್ತಿ ತಂದು, ಏದುಸಿರು ಬಿಡುತ್ತ ಪಕ್ಕದಲ್ಲಿ ಇಟ್ಟಳು. ಅದೇ ಗೀರು, ಅದೇ ಹಿಡಿ. ಬಿಳಿ ಕಲ್ಲಿನೊಳಗೆ ಓಡುವ ಹಸಿರು ಗೆರೆ ಕೂಡ ಒಂದರಿಂದ ಇನ್ನೊಂದಕ್ಕೆ ದಾಟಿತ್ತು.

ಮರುಳಸಿದ್ದಪ್ಪ ಇನ್ನೂ ಕೆಳಗೆ ಕೆರೆದರು. ಬಟ್ಟಲಿನ ಅಡಿಯಲ್ಲೂ ಒಡೆದ ಕುಡಿಕೆಗಳಿದ್ದವು. ಇವರ ಮನೆಯವಲ್ಲ, ಒಳಗಿನ ಮಡಕೆಗಳಂಥವೂ ಅಲ್ಲ. "ಇವು ನಡುವಿನ ಕಾಲದವು," ಎಂದರು. "ನಿಮಗಿಂತ ಮುಂಚೆಯೂ ಯಾರೋ ಇಲ್ಲಿ ಇಡ್ತಾ ಇದ್ರು ತಾಯಿ. ನಿಮ್ಮ ಹಿರಿಯರು ಬಂದಾಗ ಆ ಗುರುತು ಕಂಡಿರಬೇಕು."

ಬೊಳ್ಳಮ್ಮ ನೆಲದ ಮೇಲೆ ಕುಳಿತು ಎರಡೂ ಬಟ್ಟಲಿನ ಮೇಲೆ ಕೈಯಿಟ್ಟಳು.

"ಅಜ್ಜ ಉಂಬವ ಅಲ್ಲ ನಾಣಿ," ಎಂದಳು. "ಬಡಿಸ್ದವ. ಕಾಡಿಲಿ ಒಬ್ಬನೇ ಬಂದವ, ಇದ್ದದ್ದೇ ಎರಡ್ ಬಟ್ಟಲ್. ಇವ್ಕೆ ಯಾರೂ ಇಲ್ಲೆ ಹೇಳಿ ಒಂದ್‌ನ ಕೊಟ್ಟುಟ್ಟು. ಬಡಿಸ್ತಿದ್ದವನ್ನೇ ನಾವು ಉಂಬವ ಹೇಳಿ ತಿಳ್ಕಂಡೊ."

ನಾಣಯ್ಯನ ಕಣ್ಣು ತುಂಬಿತು. ಘಟ್ಟ ಹತ್ತಿದ, ಹೆಸರಿಲ್ಲದ ಕಾಡಿನಲ್ಲಿ ಹೆಸರಿಲ್ಲದ ಸತ್ತವರಿಗೆ ತನ್ನ ಸಾರು ಹಂಚಿದ ಒಬ್ಬ ಬಡಪಾಯಿ ಮನುಷ್ಯ ಮೊದಲ ಬಾರಿಗೆ ಅವನಿಗೆ ಕಂಡ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ, ಕಂಡಿಯ ಎದುರು ಬಗ್ಗಿದವರು ಸಾಲುಗಟ್ಟಿ ನಿಂತಿದ್ದರು. ಸಂಘದ ಮಹಡಿಯಲ್ಲಿ ಕೇಳಿದ ಎಲ್ಲ ಭಾಷಣಗಳಿಗಿಂತ ದೊಡ್ಡದೊಂದು ಅವನ ಎದೆಯಲ್ಲಿ ತುಂಬಿಕೊಂಡಿತು.

ಮಡಕೆ ಮಣಿಗಳನ್ನು ಮೈಸೂರಿಗೆ ಒಯ್ಯಲು ಹುಲ್ಲಿನಲ್ಲಿ ಸುತ್ತಿದರು. ಬಟ್ಟಲಿಗೆ ಮಾತ್ರ ಮರುಳಸಿದ್ದಪ್ಪ ಕೈ ಚಾಚಲಿಲ್ಲ.

ಮರುದಿನ ಬೊಳ್ಳಮ್ಮ ಕೋಳಿ ಸಾರು ಮಾಡಿದಳು, ಹೊಸ ಅಕ್ಕಿಯ ಕಡುಬು ಬೇಯಿಸಿದಳು. ಜೀಪಿನವರೂ ಉಳಿದುಕೊಂಡಿದ್ದರು. ಕಂಡಿಯ ಎದುರು ಒಂದು ಎಲೆ ಹಾಕಿದಳು, ಎಂದಿನಂತೆ. ಆಮೇಲೆ ಈಚೆ ಬದಿಗೆ, ಬಡಿಸುವವರು ಕೂರುವ ಜಾಗದಲ್ಲಿ, ಇನ್ನೊಂದು ಎಲೆ ಹಾಕಿದಳು. ಅವರ ಮನೆಯಲ್ಲಿ ಬಡಿಸಿದವರು ಉಣ್ಣುವುದು ಎಲ್ಲರ ಕೊನೆಗೆ, ಮತ್ತು ಅವರಿಗೆ ಬಡಿಸಲು ಮನೆಯ ಇನ್ನೊಬ್ಬರು ಕಾದು ಕೂರಬೇಕು. ಅಜ್ಜನಿಗಾಗಿ ಹಾಗೆ ಯಾರೂ ಕಾದಿರಲಿಲ್ಲ.

ಜೋಡಿ ಬಟ್ಟಲಿನಲ್ಲಿ ಸಾರು ಹಬೆಯಾಡುತ್ತಿತ್ತು. ಬೊಳ್ಳಮ್ಮ ಒಂದನ್ನು ಕಂಡಿಯ ಎಲೆಗೆ ತಾನೇ ಬಗ್ಗಿಸಿದಳು. ಇನ್ನೊಂದನ್ನು ತಮ್ಮನ ಕೈಗೆ ಕೊಟ್ಟಳು.

"ಅಜ್ಜಂಗೆ ನೀ ಬಡಿಸ್," ಎಂದಳು. "ಹಸ್ದುಟ್ಟು ಅವಂಗೆ."

ನಾಣಯ್ಯ ಬಡಿಸಿದ. ಆಮೇಲೆ ಎಲ್ಲರೂ ಅಲ್ಲೇ ಹುಲ್ಲಿನ ಮೇಲೆ ಕುಳಿತು ಉಂಡರು, ಬೊಳ್ಳಮ್ಮ ಹೊಟ್ಟೆ ತುಂಬ ಉಂಡಳು.