ಫಕ್ಕೀರಪ್ಪನಿಗೆ ಕೇಳಿಸಿದ ಸದ್ದು

ನಾನೊಂದು ಬಿಳಿ ಡೀಸೆಲ್ ಕಾರು. ಹುಟ್ಟಿದ್ದು ದೂರದ ಒಂದು ಕಾರ್ಖಾನೆಯ ಉದ್ದನೆಯ ಶೆಡ್ಡಿನಲ್ಲಿ. ಒಬ್ಬರು ಬಾಗಿಲು ಕೂಡಿಸಿದರು, ಇನ್ನೊಬ್ಬರು ಗಾಜು ಕೂರಿಸಿದರು. ಕೊನೆಯಲ್ಲಿ ಒಬ್ಬಾತ ಎಂಜಿನ್ ಚಾಲೂ ಮಾಡಿ, ತಲೆ ವಾಲಿಸಿ ಸ್ವಲ್ಪ ಹೊತ್ತು ಕೇಳಿದ. ಗಾಜಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು ಮುಂದಿನ ಗಾಡಿಗೆ ಹೋದ. ಎಲ್ಲ ಸರಿಯಿದೆ ಎಂಬುದಕ್ಕೆ ಅದು ಗುರುತು.

ನನ್ನನ್ನು ಕೊಂಡವರು ಗದಗಿನ ಚನ್ನವೀರಪ್ಪ ಅಂಗಡಿ. ಊರ ಹೊರಗೆ ಅವರದೊಂದು ಹತ್ತಿ ಜಿನ್ನಿಂಗ್ ಮಿಲ್ಲಿತ್ತು. ಊರೆಲ್ಲ ಅವರನ್ನು ಸಾವ್ಕಾರ್ರು ಎಂದು ಕರೆಯುತ್ತಿತ್ತು. ಕಾಗದದ ಮೇಲೆ ನಾನು ಅವರ ಸೊತ್ತು. ಆದರೆ ಹುಬ್ಬಳ್ಳಿಯ ಶೋರೂಮಿನಿಂದ ನನ್ನನ್ನು ಕರೆತಂದವನು, ಹೆಚ್ಚುಕಡಿಮೆ ನನ್ನ ಆಯುಸ್ಸೆಲ್ಲ ನನ್ನ ಸ್ಟಿಯರಿಂಗ್ ಹಿಡಿದು ಕೂತವನು ಫಕ್ಕೀರಪ್ಪ ಬಾರಕೇರ. ಗಿಡ್ಡ ಆಳು, ಮಾತು ಕಡಿಮೆ. ಮಿಲ್ಲಿನ ಹಿಂದಿನ ಓಣಿಯಲ್ಲಿ ಒಂದು ಕೋಣೆಯ ಮನೆ. ಮಕ್ಕಳಿರಲಿಲ್ಲ. ಹೆಂಡತಿ ದ್ಯಾಮವ್ವ ಅದೇ ಮಿಲ್ಲಿನಲ್ಲಿ ಹತ್ತಿಯೊಳಗಿನ ಕಸ ಆರಿಸುತ್ತಿದ್ದಳು.

ದಿನಾ ಬೆಳಿಗ್ಗೆ ಫಕ್ಕೀರಪ್ಪ ನನ್ನ ಬಾನೆಟ್ ಎತ್ತುತ್ತಿದ್ದ. ಆಯಿಲ್ ಅಳೆಯುವ ಕಡ್ಡಿ ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಇಳಿಬಿಟ್ಟು ನೋಡುತ್ತಿದ್ದ. ನಂತರ ಚಾಲೂ ಮಾಡಿ, ಕೆಳಗಿಳಿದು ಬಂದು, ನನ್ನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಿದ್ದ. ನನ್ನಲ್ಲಿ ಕ್ಯಾಸೆಟ್ ಹಾಕುವ ಟೇಪು ಇತ್ತು. ಸಾವ್ಕಾರ್ರು ಕೂತಾಗ ವಚನ ಹಚ್ಚುತ್ತಿದ್ದರು. ಒಬ್ಬನೇ ಇದ್ದಾಗ ಫಕ್ಕೀರಪ್ಪ ಅದನ್ನು ಮುಟ್ಟುತ್ತಿರಲಿಲ್ಲ. ಗಾಡಿಯ ಸದ್ದು ಕೇಳಬೇಕು ಎನ್ನುತ್ತಿದ್ದ. ತನ್ನ ಮಾತಿಗೆ ಇದರ ಅರ್ಧ ಕಿವಿ ಕೊಟ್ಟಿದ್ದರೆ ತಾನು ದಪ್ಪ ಆಗಿರುತ್ತಿದ್ದೆ ಎಂದು ದ್ಯಾಮವ್ವ ನಗುತ್ತಿದ್ದಳು. ಅವಳು ತೆಳ್ಳಗೆ, ಒಣಗಿದ ಹತ್ತಿಕಟ್ಟಿಗೆಯ ಹಾಗೆ ಇದ್ದಳು.

ಹತ್ತು ವರ್ಷ ಹೀಗೆ ನಡೆಯಿತು. ಹನ್ನೊಂದನೆಯ ವರ್ಷ ಸಾವ್ಕಾರ್ರ ಅಳಿಯನ ಮಾತು ಕೇಳಿ ನನ್ನನ್ನು ಹುಬ್ಬಳ್ಳಿಯ ಒಂದು ದೊಡ್ಡ ಗ್ಯಾರೇಜಿಗೆ ಸರ್ವಿಸಿಂಗಿಗೆ ಬಿಟ್ಟರು. ಅಲ್ಲಿ ಗಾಡಿಯವರು ಒಳಗೆ ಬರುವಂತಿರಲಿಲ್ಲ. ಫಕ್ಕೀರಪ್ಪ ಗಾಜಿನಾಚೆ ಕುರ್ಚಿಯಲ್ಲಿ ಕೂತಿದ್ದ. ಒಳಗೆ ಒಬ್ಬಾತ ನನ್ನ ಏರ್ ಫಿಲ್ಟರ್ ಬಿಚ್ಚಿದ. ಗಾಳಿ ಎಳೆದುಕೊಳ್ಳುವ ದಪ್ಪ ಪೈಪಿನ ಬಾಯಿಗೆ, ಧೂಳು ಹೋಗದಿರಲಿ ಎಂದು, ಒರೆಸುವ ಬಟ್ಟೆಯೊಂದನ್ನು ತುರುಕಿದ. ಅಷ್ಟರಲ್ಲಿ ಯಾರೋ ಊಟಕ್ಕೆ ಕರೆದರು. ಊಟ ಮಾಡಿ ಬಂದವನು ಬೇರೆಯವನು. ಅವನು ಹೊಸ ಫಿಲ್ಟರ್ ಕೂರಿಸಿ ಮುಚ್ಚಿದ. ಬಟ್ಟೆ ಒಳಗೇ ಉಳಿಯಿತು.

ವಾಪಸು ಬರುವಾಗ ಅಣ್ಣಿಗೇರಿ ದಾಟುವ ಮೊದಲೇ ಫಕ್ಕೀರಪ್ಪ ಗಾಡಿ ನಿಲ್ಲಿಸಿದ. ಎಕ್ಸಲರೇಟರ್ ತುಳಿದರೆ ಎಲ್ಲೋ ಒಂದು ಸಣ್ಣ ಶಿಳ್ಳೆ. ಬಿಟ್ಟರೆ ಇಲ್ಲ. ಬಾನೆಟ್ ಎತ್ತಿ ಬೆಲ್ಟು ನೋಡಿದ, ಪೈಪಿನ ಕ್ಲಿಪ್ಪು ನೋಡಿದ, ಫಿಲ್ಟರಿನ ಡಬ್ಬಿ ತೆರೆದು ಮುಚ್ಚಿದ. ಇನ್ನೂ ಒಂದು ಗೇಣು ಒಳಗೆ ಕೈ ಹಾಕಿದ್ದರೆ ಸಿಗುತ್ತಿತ್ತು. ಸಿಗಲಿಲ್ಲ.

ತಿಂಗಳೊಳಗೆ ಬಟ್ಟೆ ಇನ್ನಷ್ಟು ಒಳಕ್ಕೆ ಸರಿಯಿತು. ಸಾವ್ಕಾರ್ರ ಮನೆಯವರೆಲ್ಲ ಅಂಕೋಲಾ ಕಡೆ ಮದುವೆಗೆ ಹೊರಟ ದಿನ ಅರಬೈಲು ಘಟ್ಟದಲ್ಲಿ ನನ್ನ ಉಸಿರು ಕಟ್ಟಿತು. ಹೋಗುವಾಗ ಇಳಿಜಾರು, ಹೇಗೋ ಇಳಿದೆ. ಮರಳುವಾಗ ಏರಿನಲ್ಲಿ ಪಿಕಪ್ ಸತ್ತು, ಕಪ್ಪು ಹೊಗೆ ಕಾರಿ, ಒಂದನೇ ಗೇರಿನಲ್ಲಿ ಎತ್ತಿನ ಗಾಡಿಯಂತೆ ತೆವಳಿದೆ. ಹಿಂದಿನ ಲಾರಿಗಳು ಹಾರ್ನ್ ಹೊಡೆದವು. ಒಂದು ತಿರುವಿನಲ್ಲಿ ಎಲ್ಲರೂ ಇಳಿದು ನಡೆಯಬೇಕಾಯಿತು. ಬೀಗರು ಇನ್ನೊಂದು ಕಾರಿನಲ್ಲಿ ಕೈಬೀಸುತ್ತ ದಾಟಿಹೋದರು. ಸಾವ್ಕಾರ್ರ ಮುಖ ಅವತ್ತು ಕೆಟ್ಟಿತು.

ಆಮೇಲೆ ನನ್ನ ರೋಗ ಹುಡುಕುವ ಕೆಲಸ ಶುರುವಾಯಿತು. ಒಬ್ಬ ಮಿಸ್ತ್ರಿ ನಾಜಲ್ ಬಿಚ್ಚಿ ತೊಳೆದ. ಇನ್ನೊಬ್ಬ ಕ್ಲಚ್ ಪ್ಲೇಟ್ ಹೋಗಿದೆ ಎಂದು ಬದಲಿಸಿದ. ಮೂರನೆಯವನು ಡೀಸೆಲ್ ಪಂಪಿನ ಮೇಲೆ ಬೆರಳಿಟ್ಟು ತೋರಿಸಿದ. ಪ್ರತಿ ಸಲವೂ ಎರಡು ದಿನ ಸರಿಯಾದಂತೆ ಅನ್ನಿಸುತ್ತಿತ್ತು, ಮೂರನೆಯ ದಿನ ಶಿಳ್ಳೆ, ಹೊಗೆ, ಮತ್ತೆ ಅದೇ ತೆವಳಾಟ. ಡೀಸೆಲ್ ಕುಡಿಯುವುದಂತೂ ಒಂದೂವರೆ ಪಟ್ಟು ಆಗಿತ್ತು. ಬೆಟಗೇರಿಯ ಇಮಾಮಸಾಬ ಮಿಸ್ತ್ರಿಗೆ ಒಮ್ಮೆ ತೋರಿಸೋಣ ಎಂದು ಫಕ್ಕೀರಪ್ಪ ಎರಡು ಸಲ ಕೇಳಿದ. ಬೇವಿನ ಮರದ ಕೆಳಗೆ ಟ್ರ್ಯಾಕ್ಟರ್ ರಿಪೇರಿ ಮಾಡುವವನ ಹತ್ತಿರ ತಮ್ಮ ಕಾರು ಹೋಗುವುದಿಲ್ಲ ಎಂದರು ಸಾವ್ಕಾರ್ರು.

ರೋಗ ಕಂಡುಹಿಡಿದದ್ದು ಮಿಲ್ಲಿನ ಮ್ಯಾನೇಜರ್ ಗುರುಶಾಂತಪ್ಪ. ಅವನು ನನ್ನ ಬಾನೆಟ್ಟನ್ನು ಎತ್ತಿ ಕೂಡ ನೋಡಲಿಲ್ಲ. ಡೀಸೆಲ್ ಕದ್ದು ಮಾರಿ, ಟ್ಯಾಂಕಿಗೆ ರೇಷನ್ನಿನ ಸೀಮೆಎಣ್ಣೆ, ಅಂದರೆ ಚಿಮಣಿ ಎಣ್ಣೆ, ಬೆರೆಸಿದರೆ ಎಂಜಿನ್ ಹೀಗೇ ಕೂಗುತ್ತದೆ, ಹೀಗೇ ಪಿಕಪ್ ಬಿಡುತ್ತದೆ ಎಂದ.

ಒಂದು ಬುಧವಾರ, ಊಟದ ಬಿಡುವಿನಲ್ಲಿ, ಇಬ್ಬರು ಹಮಾಲರು ಫಕ್ಕೀರಪ್ಪನ ಮನೆಯಿಂದ ಒಂದು ಚಿಮಣಿ ಎಣ್ಣೆಯ ಡಬ್ಬಿ ತಂದು ಮಿಲ್ಲಿನ ಅಂಗಳದಲ್ಲಿ ಇಟ್ಟರು. ಅಂಥ ಡಬ್ಬಿ ಆ ಓಣಿಯ ಪ್ರತಿ ಮನೆಯಲ್ಲೂ ಇತ್ತು. ತಂದ ಹಮಾಲರ ಮನೆಯಲ್ಲೂ ಇತ್ತು. ದ್ಯಾಮವ್ವ ಹತ್ತಿಯ ರಾಶಿಯಿಂದ ಎದ್ದು ಬಂದು, ಅದು ತನ್ನ ಸ್ಟೋವಿನ ಎಣ್ಣೆ ಎಂದಳು. ಗುರುಶಾಂತಪ್ಪ ಅವಳ ಕಡೆ ತಿರುಗಲಿಲ್ಲ. ಸುತ್ತ ಅರವತ್ತು ಎಪ್ಪತ್ತು ಜನ ರೊಟ್ಟಿ ಕೈಯಲ್ಲಿ ಹಿಡಿದು ನಿಂತಿದ್ದರು.

"ನನ್ನ ಅನ್ನ ತಿಂದು ನನ್ನ ಗಾಡಿಗೇ ವಿಷ ಹಾಕಿದಿ," ಎಂದರು ಸಾವ್ಕಾರ್ರು. ದನಿ ಏರಿಸಲಿಲ್ಲ.

"ಸಾವ್ಕಾರ್ರ, ಗಾಡಿಗೆ ಉಸಿರು ಹತ್ತವಲ್ದರಿ. ಗಾಳಿ ಎಲ್ಲೋ ಕಟ್ಟೇತಿ. ಹಗಲೆಲ್ಲಾ ಅದನ್ನ ಕೇಳಾಕತ್ತೀನ್ರಿ ನಾ."

"ನೀ ಕೇಳೂದು ಸಾಕು. ಕೀಲಿ ಇಡು."

ಅವನು ನನ್ನ ಕೀಲಿಯನ್ನು ಡಬ್ಬಿಯ ಪಕ್ಕ ನೆಲದ ಮೇಲೆ ಇಟ್ಟ. ದ್ಯಾಮವ್ವನ ಕೆಲಸವೂ ಅವತ್ತೇ ಹೋಯಿತು. ಡಬ್ಬಿಯನ್ನು ವಾಪಸು ಕೊಡಲಿಲ್ಲ. ಅದರ ಎಣ್ಣೆಯನ್ನು ಸಂಜೆ ಗುರುಶಾಂತಪ್ಪ ಮಿಲ್ಲಿನ ಮೋರಿಯ ಸೊಳ್ಳೆಗಳಿಗೆ ಸುರಿಸಿದ.

ನನಗೆ ಹೊಸ ಡ್ರೈವರ್ ಬಂದ. ಟ್ಯಾಂಕು ಬರಿದು ಮಾಡಿ ಹೊಸ ಡೀಸೆಲ್ ತುಂಬಿದರು. ಶಿಳ್ಳೆ ನಿಲ್ಲಲಿಲ್ಲ. ಎರಡು ತಿಂಗಳ ಮೇಲೆ ಸಾವ್ಕಾರ್ರು ಸ್ವತಃ ಕೂತಿದ್ದಾಗಲೇ ಬೆಟಗೇರಿಯ ರಸ್ತೆಯಲ್ಲಿ ನಾನು ನಿಂತುಬಿಟ್ಟೆ. ಎದುರಿಗೇ ಬೇವಿನ ಮರ. ಇಮಾಮಸಾಬ ಬಂದು, ನನ್ನನ್ನು ಚಾಲೂ ಮಾಡಿಸಿ, ಒಂದು ರಬ್ಬರ್ ನಳಿಗೆಯ ತುದಿಯನ್ನು ಕಿವಿಗಿಟ್ಟು ಇನ್ನೊಂದು ತುದಿಯನ್ನು ನನ್ನ ಮೈಮೇಲೆ ಆಡಿಸಿದ. ಗಾಳಿಯ ಪೈಪಿನ ಹತ್ತಿರ ಅವನ ಕೈ ನಿಂತಿತು. ಪೈಪ್ ಬಿಚ್ಚಿದ. ಎರಡು ಬೆರಳು ತೂರಿಸಿ, ಸತ್ತ ಇಲಿಯಂತೆ ಕಪ್ಪಾಗಿದ್ದ ಬಟ್ಟೆಯನ್ನು ಎಳೆದು ಹೊರಗೆ ತೆಗೆದ. ಅದನ್ನು ಬಿಡಿಸಿ ಹಿಡಿದಾಗ ಹುಬ್ಬಳ್ಳಿ ಗ್ಯಾರೇಜಿನ ಹೆಸರಿನ ಅರ್ಧ ಕಾಣುತ್ತಿತ್ತು.

ಎಷ್ಟೋ ತಿಂಗಳ ಮೇಲೆ ನಾನು ಪೂರ್ತಿ ಉಸಿರೆಳೆದುಕೊಂಡೆ.

"ಇದರಾಗ ಫಕ್ಕೀರಪ್ಪಂದು ಏನೂ ಇಲ್ರಿ ಸಾವ್ಕಾರ್ರ," ಎಂದ ಇಮಾಮಸಾಬ. "ಒಂದ್ ಮಾತು ಹೇಳಿ ಕಳಸ್ರಿ ಅವಗ."

ಸಾವ್ಕಾರ್ರು ಬಟ್ಟೆಯನ್ನು ನೋಡಿದರು. "ಎಪ್ಪತ್ತು ಮಂದಿ ಮುಂದ ಆಡಿದ ಮಾತು ಹೊಳ್ಳಿ ನುಂಗಾಕ ಬರೂದಿಲ್ಲ. ಅದನ್ನ ಸುಟ್ಟ ಹಾಕು."

ಇಮಾಮಸಾಬ ಸುಟ್ಟು ಹಾಕಿದ. ಆದರೆ ಸಂಗತಿಯನ್ನು ಫಕ್ಕೀರಪ್ಪನಿಗೆ ಹೇಳಿದ. ಅಷ್ಟು ಹೊತ್ತಿಗೆ ಊರಲ್ಲಿ ಅವನಿಗೆ ಸ್ಟಿಯರಿಂಗ್ ಕೊಡುವವರು ಯಾರೂ ಉಳಿದಿರಲಿಲ್ಲ. ಎಪಿಎಂಸಿಯಲ್ಲಿ ಮೂಟೆ ಹೊರುತ್ತಿದ್ದ. ಮರುದಿನ ಬೆಳಿಗ್ಗೆಯೇ ಮಿಲ್ಲಿನ ಗೇಟಿಗೆ ಬಂದು ನಿಂತ. ನಾನು ಸಾವ್ಕಾರ್ರನ್ನು ಕೂರಿಸಿಕೊಂಡು ಅವನ ಪಕ್ಕದಲ್ಲೇ ಎರಡು ಸಲ ಹೊರಗೆ ಹೋಗಿ ಬಂದೆ. ಮಧ್ಯಾಹ್ನದ ಬಿಸಿಲಿಳಿದ ಮೇಲೆ ಅವನನ್ನು ಒಳಗೆ ಕರೆದರು. ಕೆಲಸ ವಾಪಸು ಕೊಡುತ್ತೇವೆ, ಇಬ್ಬರಿಗೂ ಕೊಡುತ್ತೇವೆ, ಆದರೆ ಎಲ್ಲರೆದುರು ತಪ್ಪು ಒಪ್ಪಿಕೊಳ್ಳಬೇಕು, ನಾವು ಕ್ಷಮಿಸಿದೆವು ಎಂದಾಗಬೇಕು ಎಂದರು.

ಬೇಡ ಎಂದು ದ್ಯಾಮವ್ವ ಗೋಗರೆದಳಂತೆ. ಉಪವಾಸ ಬಿದ್ದೇನು, ಆ ಮಾತು ಮಾತ್ರ ಆಡಬೇಡ ಎಂದಳಂತೆ. ಅವನು ಆಡಿದ. ಅದೇ ಅಂಗಳದಲ್ಲಿ, ಊಟದ ಬಿಡುವಿನಲ್ಲಿ, ಕೈಮುಗಿದು, "ಚಿಮಣಿ ಎಣ್ಣಿ ಬೆರಸಿದ್ದು ನಾನ, ತಪ್ಪಾತ್ರಿ," ಎಂದ. ಮಾತು ಸಣ್ಣಗೆ ಬಂತು. ಹಿಂದೆ ನಿಂತವರಿಗೆ ಕೇಳಲಿಲ್ಲ ಎಂದು ಗುರುಶಾಂತಪ್ಪ ಇನ್ನೊಮ್ಮೆ ಹೇಳಿಸಿದ.

ದ್ಯಾಮವ್ವ ಮಿಲ್ಲಿಗೆ ಮರಳಲಿಲ್ಲ. ಅವರಿವರ ಮನೆಯ ರೊಟ್ಟಿ ಬಡಿಯತೊಡಗಿದಳು. ನನ್ನ ಹತ್ತಿರವೂ ಬರಲಿಲ್ಲ.

ಫಕ್ಕೀರಪ್ಪ ಮತ್ತೆ ನನ್ನ ಸೀಟಿನಲ್ಲಿ ಕೂತ. ಆದರೆ ಬಾನೆಟ್ ಎತ್ತುವುದನ್ನು ಬಿಟ್ಟಿದ್ದ. ಆಯಿಲ್ ಕಡ್ಡಿಯನ್ನು ಮುಟ್ಟಲಿಲ್ಲ. ಹತ್ತುತ್ತಲೇ ಟೇಪು ಹಚ್ಚಿ ದನಿ ಏರಿಸುತ್ತಿದ್ದ. ಹೇಳಿದಲ್ಲಿಗೆ ಒಯ್ಯುವುದು, ತರುವುದು, ಕೀಲಿ ಮೊಳೆಗೆ ಹಾಕುವುದು. ವರ್ಷಕ್ಕೊಮ್ಮೆ ಸರ್ವಿಸಿಂಗಿಗೆ ಬಿಡುವುದೂ ಮಿಲ್ಲಿನಿಂದ ಹುಕುಂ ಬಂದಾಗ ಮಾತ್ರ.

ಎರಡು ವರ್ಷದ ಮೇಲೆ ನನ್ನ ಹೊಟ್ಟೆಯ ಕೆಳಗಿನಿಂದ ಆಯಿಲ್ ಜಿನುಗತೊಡಗಿತು. ನಿಂತಲ್ಲೆಲ್ಲ ಕಪ್ಪು ಹನಿ ಬೀಳುತ್ತಿತ್ತು. ಒಂದು ದಿನ ಒಳಗಿನಿಂದ ಟಕ್ ಟಕ್ ಎಂಬ ದಪ್ಪ ಸದ್ದು ಎದ್ದಿತು. ಅದು ಬೇರಿಂಗು ಒಣಗಿ ಲೋಹಕ್ಕೆ ಲೋಹ ಬಡಿಯುವ ಸದ್ದು. ಅದನ್ನು ಕೇಳಿಯೂ ಓಡಿಸಿದರೆ ಎಂಜಿನ್ ಉಳಿಯುವುದಿಲ್ಲ. ಫಕ್ಕೀರಪ್ಪನ ಕಾಲು ಎಕ್ಸಲರೇಟರಿನ ಮೇಲೆ ಒಂದು ಗಳಿಗೆ ತಡೆಯಿತು. ಅವನಿಗೆ ಕೇಳಿಸಿತು. ನನಗೆ ಅದು ಗೊತ್ತು. ಅವನು ಕೈ ಚಾಚಿ ಟೇಪಿನ ದನಿ ಇನ್ನಷ್ಟು ಏರಿಸಿದ.

ಹಿಂದಿನ ಸೀಟಿನಿಂದ ಸಾವ್ಕಾರ್ರು, ಏನೋ ಸದ್ದು ಬಂದ ಹಾಗಿತ್ತಲ್ಲ ಎಂದರು.

"ಏನೂ ಇಲ್ರಿ," ಎಂದ.

ಅವನು ಹಗೆ ತೀರಿಸಿಕೊಳ್ಳುತ್ತಿದ್ದ. ಎಲ್ಲೋ ಒಂದು ಘಟ್ಟದಲ್ಲಿ, ಬೀಗರ ಎದುರು, ಸಾವ್ಕಾರ್ರು ಮತ್ತೊಮ್ಮೆ ರಸ್ತೆಯಲ್ಲಿ ನಿಲ್ಲಲಿ ಎಂದು ಕಾಯುತ್ತಿದ್ದ. ಆ ಹಗೆಗೆ ನನ್ನ ಜೀವ ಹೋಗುತ್ತದೆ ಎಂಬುದೂ ಅವನಿಗೆ ತಿಳಿದಿತ್ತು. ಮೂರು ವಾರ ಹಾಗೇ ಓಡಿಸಿದ.

ನಾಲ್ಕನೆಯ ವಾರ, ಒಂದು ಬೆಳಿಗ್ಗೆ, ರೊಟ್ಟಿ ಬಡಿಯುತ್ತಿದ್ದ ಮನೆಯಲ್ಲಿ ದ್ಯಾಮವ್ವ ಎದೆ ಹಿಡಿದುಕೊಂಡು ಕೂತಳು. ಗದಗಿನ ಡಾಕ್ಟರರು ನೋಡಿ, ತಡ ಮಾಡದೆ ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಆಂಬ್ಯುಲೆನ್ಸ್ ಇನ್ನೊಬ್ಬರನ್ನು ಕರೆದುಕೊಂಡು ಹೋಗಿತ್ತು. ಸಾವ್ಕಾರ್ರ ಹೆಂಡತಿ ಅನ್ನಪೂರ್ಣಮ್ಮನ ಕಿವಿಗೆ ಸುದ್ದಿ ಬಿದ್ದು, ಆಕೆಯೇ ಕೀಲಿ ಕಳಿಸಿ, ನಮ್ಮ ಗಾಡಿ ಒಯ್ಯಲಿ ಎಂದರು.

ಕೀಲಿ ಕೈಗೆ ಬಂದದ್ದೇ ಫಕ್ಕೀರಪ್ಪ ನನ್ನ ಹತ್ತಿರ ಓಡಿ ಬಂದ. ಬಾನೆಟ್ ಎತ್ತಿ, ಕಡ್ಡಿ ಎಳೆದು ನೋಡಿದ. ತುದಿ ಒಣಗಿತ್ತು. ಡಿಕ್ಕಿಯಲ್ಲಿ ಹಳೆಯ ಡಬ್ಬಿಯ ತಳದಲ್ಲಿದ್ದ ಒಂದು ಬೊಗಸೆ ಆಯಿಲ್ ಸುರಿದ. ಬೇರೆ ಗಾಡಿಗಾಗಿ ಎರಡು ಕಡೆ ಓಡಿ ಕೇಳಿ ಬಂದ. ಸಿಗಲಿಲ್ಲ. ದ್ಯಾಮವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಅವಳ ತಂಗಿಯನ್ನು ಪಕ್ಕದಲ್ಲಿ ಕೂರಿಸಿ ಹೊರಟ.

ಟೇಪು ಹಚ್ಚಲಿಲ್ಲ. ಹುಲಕೋಟಿ ದಾಟುವಾಗ ಟಕ್ ಟಕ್ ಎಲ್ಲರಿಗೂ ಕೇಳುವಷ್ಟಾಗಿತ್ತು. ಮೆಲ್ಲಗೆ ಹೋದರೆ ನಾನು ಹುಬ್ಬಳ್ಳಿ ಮುಟ್ಟುತ್ತಿದ್ದೆನೇನೋ. ಆದರೆ ಹಿಂದಿನಿಂದ ದ್ಯಾಮವ್ವನ ನರಳಾಟ ಕೇಳುತ್ತಿತ್ತು. ಅದನ್ನು ಕೇಳಿದರೆ ಅವನು ತುಳಿಯುತ್ತಿದ್ದ. ನನ್ನ ಸದ್ದು ಕೇಳಿದರೆ ಕಾಲು ತೆಗೆಯುತ್ತಿದ್ದ. ಹೀಗೆ ತುಳಿಯುತ್ತ, ಬಿಡುತ್ತ ಅಣ್ಣಿಗೇರಿಯವರೆಗೆ ಬಂದ. ಅಲ್ಲಿಂದ ಮುಂದೆ ಅವಳ ದನಿ ಸಣ್ಣದಾಯಿತು. ಅವನು ಪೂರ್ತಿ ತುಳಿದ.

ನಾನು ಓಡಿದೆ. ಸುಳ್ಳು ಹೇಳುವುದಿಲ್ಲ, ಅಷ್ಟು ಜೋರಾಗಿ ಅದಕ್ಕೂ ಮೊದಲು ಓಡಿರಲಿಲ್ಲ. ನಲವಡಿಗೆ ಇನ್ನೂ ಮೂರು ಮೈಲಿ ಇರುವಾಗ ನನ್ನೊಳಗಿನ ರಾಡು ಮುರಿದು ಎಂಜಿನ್ನಿನ ಗೋಡೆ ಒಡೆದು ಹೊರಗೆ ಬಂತು. ಚಕ್ರಗಳು ಬಿಗಿದುಕೊಂಡವು. ಎರಡೂ ಕಡೆ ಕಪ್ಪು ಹೊಲ, ಕಡಲೆ ಕಿತ್ತು ಬರಿದಾಗಿತ್ತು. ನೆತ್ತಿಯ ಮೇಲೆ ಬಿಸಿಲು.

ಅವನು ರಸ್ತೆಯ ನಡುವೆ ನಿಂತು ಕೈ ಅಡ್ಡ ಮಾಡಿದ. ಒಂದು ಬಸ್ಸು ತಪ್ಪಿಸಿಕೊಂಡು ಹೋಯಿತು. ಎರಡು ಕಾರು ಹೋದವು. ಹಾಲಿನ ವ್ಯಾನೊಂದು ನಿಂತಿತು. ಅವನು ಹಿಂದಿನ ಬಾಗಿಲು ತೆಗೆದು ಬಗ್ಗಿದಾಗ ದ್ಯಾಮವ್ವ ಅವನನ್ನೇ ನೋಡುತ್ತಿದ್ದಳು.

"ಮೊದಲಿಂದ ಈ ಸದ್ದು ಬರತಿತ್ತೇನು?" ಎಂದು ಕೇಳಿದಳು.

ಅವನು ಅವಳ ಬೆನ್ನ ಕೆಳಗೆ ಕೈ ಹಾಕಿದ. ಅವಳನ್ನು ಎತ್ತಿ ವ್ಯಾನಿಗೆ ಸಾಗಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನನ್ನನ್ನು ಟ್ರ್ಯಾಕ್ಟರಿಗೆ ಕಟ್ಟಿ ಮಿಲ್ಲಿನ ಅಂಗಳಕ್ಕೆ ಎಳೆತಂದರು. ಹನ್ನೆರಡು ದಿನದ ಮೇಲೆ ಫಕ್ಕೀರಪ್ಪ ಬಂದ. ತಲೆ ಬೋಳಿಸಿದ್ದ. ಊಟದ ಬಿಡುವು, ಜನ ಸೇರಿದ್ದರು. ಸಾವ್ಕಾರ್ರು ಅವನ ಹೆಗಲ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ, "ಗಾಡಿ ಹಳೇದು, ಕೈ ಕೊಟ್ಟಿತು. ನಿಂದೇನೂ ತಪ್ಪಿಲ್ಲೋ ಫಕ್ಕೀರಪ್ಪ," ಎಂದರು. ಜನ ಹೌದು ಹೌದು ಎಂದು ತಲೆಯಾಡಿಸಿದರು. ಒಬ್ಬ ಮುದುಕಿ ಅತ್ತಳು. ಅವನು ಏನೋ ಹೇಳಲು ಬಾಯಿ ತೆರೆದ. ಸಾವ್ಕಾರ್ರು ಆಗಲೇ ಮೆಟ್ಟಿಲು ಹತ್ತುತ್ತಿದ್ದರು.

ಈಗ ನಾನು ಹುಬ್ಬಳ್ಳಿಯ ಒಂದು ಗುಜರಿಯಲ್ಲಿದ್ದೇನೆ. ಬಾಗಿಲು ಯಾರೋ ಒಯ್ದರು, ಸೀಟು ಯಾರೋ ಒಯ್ದರು. ಎಂಜಿನ್ನನ್ನು ಬಿಚ್ಚಿದವನು ಸುಟ್ಟು ನೀಲಿಗಟ್ಟಿದ ಬೇರಿಂಗನ್ನು ಅಂಗೈಯಲ್ಲಿ ಹೊರಳಿಸಿ, ವಾರಗಟ್ಟಲೆ ಬಡಿದಿದೆ ಇದು, ಓಡಿಸಿದವನು ಕಿವುಡನಿರಬೇಕು ಎಂದು ಪಕ್ಕದವನಿಗೆ ಹೇಳಿದ. ನನ್ನ ಸಾವಿನ ಬಗ್ಗೆ ಜನ ಹೇಳಿದ ಮಾತುಗಳಲ್ಲಿ ಅರ್ಧವಾದರೂ ನಿಜವಾದದ್ದು ಅದೊಂದೇ. ಉಳಿದರ್ಧವನ್ನು ತಿದ್ದಲು ನನಗೆ ಬಾಯಿಲ್ಲ. ನನಗಿದ್ದದ್ದು ಸದ್ದು ಮಾತ್ರ. ಆ ಮೂರು ವಾರ ನಾನು ಅದನ್ನು ಒಬ್ಬನಿಗಾಗಿಯೇ, ಇದ್ದ ಶಕ್ತಿಯನ್ನೆಲ್ಲ ಹಾಕಿ, ಮಾಡಿದ್ದೆ.