ಹೂವು ಬಲಕ್ಕೇ ಬಿದ್ದಿತ್ತು

ನನ್ನ ಅಣ್ಣ ಜಟ್ಟ ಮತ್ತು ಅವನ ಗೆಳೆಯ ದುರ್ಗ ಒಬ್ಬರನ್ನು ಬಿಟ್ಟು ಒಬ್ಬರು ಇರುತ್ತಿರಲಿಲ್ಲ. ಅಪ್ಸರಕೊಂಡದ ಕೆಳಗಿನ ನಮ್ಮ ಕೇರಿಗೆಲ್ಲ ಅದು ಗೊತ್ತಿತ್ತು. ಹದಿನೆಂಟರ ಹುಡುಗರು ಹೆಗಲ ಮೇಲೆ ಕೈ ಹಾಕಿಕೊಂಡು ದಂಡೆಯಲ್ಲಿ ತಿರುಗಿದರೆ, ಒಂದೇ ಬಲೆ ಹಿಡಿದು ಕೂತು ಹೊಲಿದರೆ ಯಾರೇನು ಅಂದಾರು? ಸ್ನೇಹ ಅಂದರೆ ಹೀಗಿರಬೇಕು ಎಂದು ಅಪ್ಪನೇ ಹೇಳಿಕೊಂಡು ತಿರುಗುತ್ತಿದ್ದ. ಎಪ್ಪತ್ತೊಂಬತ್ತರ ಮಳೆಗಾಲ ಹತ್ತಿರವಾದಾಗ ಅವನಿಗೊಂದು ಉಪಾಯ ಹೊಳೆಯಿತು. ಇಷ್ಟು ಒಳ್ಳೆಯ ಹುಡುಗನನ್ನು ಹೊರಗಿನವನಾಗಿ ಯಾಕೆ ಬಿಡಬೇಕು, ಗಣಪಿಯನ್ನು ಕೊಟ್ಟು ಅಳಿಯನನ್ನಾಗಿ ಮಾಡಿಕೊಂಡರಾಯಿತು.

ಗಣಪಿ ಅಂದರೆ ನಾನು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಎದ್ದು ಕುಣಿಯುತ್ತಿದ್ದೆ. ದುರ್ಗ ಊಟಕ್ಕೆ ಬಂದ ದಿನ ನಾನು ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದೆ. ಅವ್ವ ಚೌಡಮ್ಮ ಬೈಯುತ್ತಿದ್ದಳು, ಅವನು ತಲೆಯೆತ್ತದೆ ಉಣ್ಣುತ್ತಿದ್ದ. ನಾಚಿಕೆ ಅಂದುಕೊಂಡಿದ್ದೆ, ದಡ್ಡಿ.

ಅಮ್ಮನವರ ಗುಡಿಯಲ್ಲಿ ಪ್ರಸಾದ ಕೇಳಿದರು. ಪೂಜಾರಿ ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿದ. ಬಲದ್ದು ಮೊದಲು ಬಿದ್ದರೆ ಆಗಬಹುದು, ಎಡದ್ದು ಬಿದ್ದರೆ ಬೇಡ. ನಾನು ಕಣ್ಣು ಮುಚ್ಚಿ ಬಲ, ಬಲ ಎನ್ನುತ್ತಿದ್ದೆ. ಬಲದ್ದೇ ಬಿತ್ತು. ಅಪ್ಪ ಅಲ್ಲೇ ದುರ್ಗನನ್ನು ತಬ್ಬಿಕೊಂಡ. ಗುಡಿಯಿಂದ ಹೊರಗೆ ಹೋದ ಜಟ್ಟಣ್ಣ ಊಟಕ್ಕೂ ಬರಲಿಲ್ಲ.

ಹುಡುಕಲು ಹೋದವಳು ನಾನೇ. ಮಳೆಗಾಲಕ್ಕೆಂದು ದಡಕ್ಕೆಳೆದು ತೆಂಗಿನ ಮಡಲು ಹೊದಿಸಿದ್ದ ದೋಣಿಯ ಮರೆಯಲ್ಲಿ ಇಬ್ಬರೂ ಇದ್ದರು. ಅಣ್ಣ ದುರ್ಗನ ಹೆಗಲಿಗೆ ಮುಖ ಒತ್ತಿ ಅಳುತ್ತಿದ್ದ. ಗಂಡಸು ಹಾಗೆ ಅಳುವುದನ್ನು ನಾನು ಹೆಣದ ಮುಂದೆ ಮಾತ್ರ ನೋಡಿದ್ದೆ.

"ದಿನಾ ನಿಮ್ಮನಿಗೆ ಬರೂಕೆ ಆಗ್ತದಲ. ಅಷ್ಟೇ ಸಾಕು ನಂಗೆ," ಎಂದ ದುರ್ಗ.

"ನೀ ಅವಳ ಗಂಡ ಆಗಿ ಬಂದ್ರೆ ನಾ ನಿನ್ನ ಮುಖ ಹೆಂಗೆ ನೋಡೂದು?" ಎಂದ ಅಣ್ಣ.

ಮತ್ತೊಂದು ಮಾತು ಬೇಕಾಗಲಿಲ್ಲ. ಮೈಯೆಲ್ಲ ಉರಿಯಿತು. ಇಬ್ಬರನ್ನೂ ಕೂದಲು ಹಿಡಿದು ಸಮುದ್ರಕ್ಕೆ ಎಳೆಯಬೇಕು ಅನ್ನಿಸಿತು. ಆದರೆ ನನ್ನನ್ನು ಕಂಡದ್ದೇ ಇಬ್ಬರೂ ಬೆಚ್ಚಿ ದೂರ ಸರಿದು, ಹೊಡೆತಕ್ಕೆ ಕಾಯುವ ಮಕ್ಕಳ ಹಾಗೆ ಕೂತರು. ಯಾರಿಗಾದರೂ ತಿಳಿದರೆ ತಾನು ಬದುಕುವುದಿಲ್ಲ ಎಂದು ಅಣ್ಣ ಕೈಮುಗಿದ. ನನಗೆ ಈಜು ಕಲಿಸಿದ ಅಣ್ಣ, ನನಗೆ ಕೈಮುಗಿದ. ನಾನೂ ಮರಳ ಮೇಲೆ ಕೂತು ಅತ್ತೆ. ಯಾತಕ್ಕೆ ಅತ್ತೆ ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

"ಆತು, ಮನಿಗೆ ನಡೀರಿ," ಎಂದೆ. "ಅಪ್ಪಗೆ ಎಂತ ಹೇಳೂದು ಅಂತ ನಂಗೆ ಬಿಡಿ."

ದುರ್ಗಣ್ಣ ನನಗೆ ಒಡಹುಟ್ಟಿದವನ ಹಾಗೆ, ಅಣ್ಣನನ್ನು ಮದುವೆಯಾಗುವುದು ಹೇಗೆ ಎಂದು ಅಪ್ಪನಿಗೆ ಹೇಳಿದೆ. ಅದಕ್ಕಿಂತ ಒಳ್ಳೆಯ ಸುಳ್ಳು ಹೊಳೆಯಲಿಲ್ಲ. ಅಪ್ಪ ಹೊಡೆದ. ದೇವಿ ಒಪ್ಪಿದ್ದನ್ನು ಮುರಿಯಲು ನೀನು ಯಾರು ಎಂದ. ಬಾಯಿ ತೆರೆಯಲು ಹೋದ ಜಟ್ಟಣ್ಣನನ್ನು ಕಣ್ಣಲ್ಲೇ ಗದರಿಸಿ ಸುಮ್ಮನಿರಿಸಿದೆ.

ಪ್ರಸಾದ ಮೀರಿದ ಹುಡುಗಿಯನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಆ ವರ್ಷವೆಲ್ಲ ನಾನು ಒಣಮೀನು ಹರವುವಲ್ಲಿ ಅವರಿಬ್ಬರೂ ಬಂದು ಕೂರುತ್ತಿದ್ದರು. ಯಾರೆದುರೂ ಆಡದ ಮಾತು ನನ್ನೆದುರು ಆಡುತ್ತಿದ್ದರು. ಅಣ್ಣ ಮತ್ತೆ ಹೊಟ್ಟೆ ತುಂಬ ಉಣ್ಣತೊಡಗಿದ. ನನಗೂ ಅಂಥ ಗೆಳೆಯರು ಬೇರೆ ಇರಲಿಲ್ಲ.

ಮರುವರ್ಷ ಹೆಬಳೆಯಿಂದ ಒಬ್ಬ ಬಂದ. ಹೆಂಡತಿ ಸತ್ತವನು, ಅಪ್ಪನಿಗಿಂತ ತುಸು ಚಿಕ್ಕವನು. ಅಪ್ಪ ಹೂಂ ಎಂದ. ನಿಜ ಹೇಳಿಬಿಡುತ್ತೇನೆ, ಈ ಮದುವೆ ಬೇಡ ಎಂದು ಅಣ್ಣ ಹಟ ಹಿಡಿದ.

"ನೀವಿಬ್ರೂ ಒಟ್ಟಿಗೆ ಚೆಂದ ಇರಿ," ಎಂದೆ. "ನಂಗೆ ಬಂದು ಹೋಗೂಕೆ ಒಂದು ತವರುಮನೆ ಅಂತ ಬೇಕಲ."

ನಮ್ಮಲ್ಲಿ ಹೆಣ್ಣನ್ನು ಚಪ್ಪರಕ್ಕೆ ಕರೆತರುವವರು ಅಣ್ಣಂದಿರು, ಆಚೆಗೊಬ್ಬ ಈಚೆಗೊಬ್ಬ ಕೈ ಹಿಡಿದು. ಜಟ್ಟಣ್ಣ ಬಲಗೈ ಹಿಡಿದ. ಅವ್ವ ಸುತ್ತ ನೋಡಿ ದುರ್ಗನನ್ನು ಕರೆದಳು.

"ಬಾ ಮಗಾ, ಆ ಕೈ ನೀ ಹಿಡ್ಕ. ಅಣ್ಣ ಅಂತ ಅವಳೇ ಅಂದಿದ್ಲಲ."

ದುರ್ಗ ಬಂದು ಎಡಗೈ ಹಿಡಿದ. ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಬಲೆ ಎಳೆದೆಳೆದು ಕೈ ಒರಟಾಗಿತ್ತು. ನಮ್ಮ ಅಂಗಳ ಚಿಕ್ಕದು. ಆದಷ್ಟು ನಿಧಾನ ನಡೆದೆ.