ಹಾಸು ಹೊದಿಕೆಯ ಗಾಡಿ ಗುಡ್ಡ ಹತ್ತಿದ ಬಗೆ

ನನ್ನ ಕೈ ತಾಗಿದರೆ ಸತ್ತ ಎಂಜಿನ್ ಎದ್ದು ಕೂತು ಕಾಫಿ ಕೇಳುತ್ತದೆ. ಇದು ನನ್ನ ಮಾತಲ್ಲ, ಊರೇ ಹೇಳುತ್ತದೆ. ಊರಿಗೆ ಹೇಳಿಕೊಟ್ಟವನು ನಾನು, ಅಷ್ಟೆ. ಆದರೆ ಅಕ್ಕನ ಮೂರು ಚಕ್ರದ ಗಾಡಿಯ ಎಂಜಿನ್ ನನ್ನನ್ನೂ ಲೆಕ್ಕಿಸದೆ ಕಣ್ಣು ಮುಚ್ಚಿತು.

ಗುಡ್ಡದ ಮೇಲಿನ ಆಸ್ಪತ್ರೆಯ ಹಾಸು ಹೊದಿಕೆಗಳನ್ನು ಒಗೆದು, ಇಸ್ತ್ರಿ ಮಾಡಿ, ತಾನೇ ಗಾಡಿ ಓಡಿಸಿಕೊಂಡು ಮುಟ್ಟಿಸುವುದು ಅಕ್ಕನ ಕಸುಬು. ಎಂಜಿನ್ ಸತ್ತ ಮೇಲೆ ಎರಡು ಸಲ ತಪ್ಪಿತ್ತು. ಶನಿವಾರ ಬೆಳಿಗ್ಗೆಯೂ ಬಟ್ಟೆ ಬರದಿದ್ದರೆ ಕೆಲಸ ಬೇರೆಯವರಿಗೆ ಎಂದು ಅಲ್ಲಿನ ಮೇಲ್ವಿಚಾರಕಿ ಕಡ್ಡಿ ಮುರಿದಂತೆ ಹೇಳಿದ್ದರು.

ನಾನು ಗುಜರಿಯಿಂದ, ನುಜ್ಜುಗುಜ್ಜಾದ ಹೈಬ್ರಿಡ್ ಕಾರೊಂದರ ವಿದ್ಯುತ್ ಮೋಟಾರು ತಂದೆ. ಆನೆಮರಿಯಷ್ಟು ತೂಕ, ಒಬ್ಬನೇ ಹೊತ್ತೆ. ಇನ್ನೊಂದು ತುದಿಯನ್ನು ಭಾವ ಹಿಡಿದಿದ್ದರು, ಅದು ಇಲ್ಲಿ ಮುಖ್ಯವಲ್ಲ.

"ಕಾರನ್ನೇ ಎಳೆದ ಮೋಟಾರು ಭಾವ, ಗುಡ್ಡ ಯಾವ ಲೆಕ್ಕ?"

"ನಿನ್ನ ಬಾಯಿಗೇ ಚಕ್ರ ಹಾಕಿದ್ರೆ ಸಾಕಿತ್ತಲ್ಲೋ. ಪೆಟ್ರೋಲೂ ಬೇಡ, ಬ್ಯಾಟರಿನೂ ಬೇಡ."

ಅಂಗಡಿಯಿಂದ ತಂದ ಬ್ಯಾಟರಿಯನ್ನೂ ಶಕ್ತಿ ಅಳೆದು ಕೊಡುವ ಕಂಟ್ರೋಲರನ್ನೂ ಸೇರಿಸಿ, ಮೋಟಾರನ್ನು ಹಿಂದಿನ ಅಚ್ಚಿಗೆ ಜೋಡಿಸಿ ಬೆಸುಗೆ ಹಾಕಿದೆ. ಭೂಮಿ ಬಿರಿದರೂ ಬಿಡದ ಬೆಸುಗೆ. ಶುಕ್ರವಾರ ಸಂಜೆ ಅಕ್ಕ ಕೂತು ಆಕ್ಸಿಲರೇಟರ್ ತಿರುವಿದಳು. ಗಾಡಿ ಬಾಣದಂತೆ ಹೊರಟಿತು, ಹಿಂದಕ್ಕೆ. ನೀರಿನ ಡ್ರಮ್ಮು ಉರುಳಿತು; ಭಾವ ಜಗಲಿಗೆ ಹಾರಿದರು.

ಕಾರಿನ ಮುಂಭಾಗದಲ್ಲಿದ್ದ ಮೋಟಾರನ್ನು ನಾನು ಹಿಂಭಾಗಕ್ಕೆ ಹೊಂದಿಸಲು ತಿರುಗಿಸಿ ಕೂರಿಸಿದ್ದೆ. ಅದು ಸುತ್ತುವ ದಿಕ್ಕೂ ಜೊತೆಗೇ ತಿರುಗಿತ್ತು. ರಿವರ್ಸ್ ಸ್ವಿಚ್ ಹಾಕಿದರೆ ಗಾಡಿ ಮುಂದಕ್ಕೇನೋ ಹೋಗುತ್ತಿತ್ತು, ಆದರೆ ಕಂಟ್ರೋಲರು ರಿವರ್ಸಿಗೆ ಕೊಡುವುದು ಆಮೆಯ ಶಕ್ತಿ. ಏರು ಹತ್ತಲು ಅದು ಸಾಲದು. ಕಿತ್ತು ಮತ್ತೆ ಕೂರಿಸೋಣವೆಂದರೆ ಬೆಸುಗೆ ನನ್ನದು, ಬಿಡದು. ಕಂಟ್ರೋಲರಿಗೆ ಲ್ಯಾಪ್‌ಟಾಪ್ ಹಚ್ಚಿ ಬುದ್ಧಿ ಹೇಳಬಲ್ಲ ಬ್ಯಾಟರಿ ಅಂಗಡಿಯವನು ಮಗಳ ಮನೆಗೆ ಹೋಗಿದ್ದ, ಬರುವುದು ಸೋಮವಾರವಂತೆ.

ಅಕ್ಕ ಮಡಿಸಿ ಕಟ್ಟಿಟ್ಟ ಗಂಟುಗಳನ್ನೇ ನೋಡುತ್ತ ನಿಂತಳು. ನಾನು ಉರುಳಿದ ಡ್ರಮ್ಮನ್ನು ಎತ್ತಿ ನಿಲ್ಲಿಸಿದೆ.

"ಹಿಂದಕ್ಕೆ ಹೋಗೋವಾಗ ಜೋರಿದೆ ತಾನೇ?" ಎಂದಳು.

"ಜೋರಾ? ಬೆಟ್ಟಾನೇ ಕಿತ್ಕೊಂಡು ಹೋಗುತ್ತೆ ಅಕ್ಕಾ!"

"ಹಂಗಾದ್ರೆ ಹಿಂದಕ್ಕೇ ಹತ್ತೋಣ."

"ಏನೇ, ತಲೆ ಕೆಟ್ಟಿದೆಯಾ?" ಎಂದರು ಭಾವ.

"ನಮ್ಮ ಓಣೀಲಿ ಗಾಡಿ ತಿರುಗಿಸೋಕೆ ಜಾಗ ಎಲ್ಲಿದೆ ಹೇಳಿ? ದಿನಾ ಹಿಂದಕ್ಕೆ ತಂದೇ ನಿಲ್ಲಿಸ್ತೀನಿ. ನಾಳೆ ಇನ್ನೊಂಚೂರು ದೂರ."

ಬೆಳಕು ಹರಿಯುತ್ತಲೇ ಅಕ್ಕ ರಿವರ್ಸ್ ಸ್ವಿಚ್ ಹಾಕಿ ಆಮೆಯ ನಡಿಗೆಯಲ್ಲಿ ಗುಡ್ಡದ ಬುಡ ಮುಟ್ಟಿ, ಅಲ್ಲಿ ಗಾಡಿಯ ಬೆನ್ನನ್ನು ಏರಿನತ್ತ ತಿರುಗಿಸಿದಳು. ಭಾವ ಮೊದಲೇ ಮೇಲೆ ಹೋಗಿ ಎದುರು ಬರುವ ವಾಹನಗಳನ್ನು ತಡೆದು ನಿಂತಿದ್ದರು. ನಾನು ಗಂಟುಗಳ ಮೇಲೆ ಹಿಂದಕ್ಕೆ ಮುಖ ಮಾಡಿ ಸಿಂಹಾಸನ ಹಾಕಿ "ಎಡಕ್ಕೆ! ಬಲಕ್ಕೆ!" ಎಂದು ಕೂಗಿದೆ.

"ನಿನ್ನ ಎಡಾನೋ, ನನ್ನ ಎಡಾನೋ?"

"ನಂದು!"

"ಬಾಯಿ ಮುಚ್ಕೊಂಡು ಕೂತ್ಕೊ. ಕನ್ನಡಿ ಇದೆ."

ಮೋಟಾರು ಸಾವಿರ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಅಕ್ಕ ಕತ್ತು ಹೊರಳಿಸಿ, ತುಟಿ ಕಚ್ಚಿ, ಒಂದು ಕಲ್ಲಿಗೂ ತಾಗಿಸದೆ ಹತ್ತಿಸಿದಳು. ನಮ್ಮನ್ನು ನೋಡಿ ಕಾಗೆಗಳೂ ಹಿಂದುಹಿಂದಕ್ಕೆ ಹಾರಿದವು ಎಂದರೆ ನೀವು ನಂಬುವುದಿಲ್ಲ, ಬೇಡ ಬಿಡಿ.

ಗಾಡಿಯ ಬೆನ್ನು ಸರಿಯಾಗಿ ಆಸ್ಪತ್ರೆಯ ಮೆಟ್ಟಿಲ ಬಳಿ ನಿಂತಿತು. ಮೇಲ್ವಿಚಾರಕಿ ಗಂಟೊಂದನ್ನು ಬಿಚ್ಚಿ, ಹೊದಿಕೆಯ ಮೇಲೆ ಕೈಯಾಡಿಸಿದರು.

"ಮಾಸಿದ ಬಟ್ಟೆ ಒಳಗಿದೆ. ಈಗಲೇ ಒಯ್ತೀಯೇನಮ್ಮಾ?"

ಅಕ್ಕನ ಬೆರಳುಗಳು ಹ್ಯಾಂಡಲ್ಲಿಗೆ ಅಂಟಿಕೊಂಡಂತಿದ್ದವು. ನಾನು ಒಂದೊಂದಾಗಿ ಬಿಡಿಸಿದೆ.

"ಒಯ್ತೀನಿ," ಎಂದಳು.